ಸರಕು ಗಾಡಿ ಕೊಳ್ಳುವ ಮುನ್ನ

ಎತ್ತು ಕೊಳ್ಳುವಾಗ ನೀವು ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನೊಗಕ್ಕೆ ಕಟ್ಟಿ ನಡೆಸಿಯೂ ನೋಡುತ್ತೀರಿ. ಆದರೆ ಅದಕ್ಕಿಂತ ಎಷ್ಟೋ ಪಾಲು ಬೆಲೆಯ ಸರಕು ಗಾಡಿಯನ್ನು, ಪಕ್ಕದ ಮನೆಯವರು ತಂದರೆಂದು ನಾವೂ ತಂದುಬಿಡುತ್ತೇವೆ. ಬೆಳೆ ಕೈಕೊಟ್ಟರೂ ಸಾಲದ ಕಂತು ತಪ್ಪುವುದಿಲ್ಲ. ಆದುದರಿಂದ ಮೂರು ಸಂಗತಿ ತೂಗಿ ನೋಡಿ: ಜಾಗ, ಎಣ್ಣೆ ಖರ್ಚು, ಗಟ್ಟಿತನ.

ಮೊದಲು ಜಾಗ. ವರ್ಷದಲ್ಲಿ ಒಂದೆರಡು ದಿನ ಬರುವ ದೊಡ್ಡ ಹೇರನ್ನು ನೋಡಿ ಗಾಡಿ ಕೊಳ್ಳಬೇಡಿ. ಹೆಚ್ಚಿನ ದಿನ ಎಷ್ಟು ಹೇರುತ್ತೀರಿ, ಅದನ್ನು ಲೆಕ್ಕ ಹಾಕಿ. ಕೋಲಾರದ ಮಾರುಕಟ್ಟೆಗೆ 15 ಕಿಲೋ ಹಿಡಿಯುವ 40 ಬಾಕ್ಸು ಟೊಮ್ಯಾಟೊ ಒಯ್ಯುವವರ ಸರಕು 600 ಕಿಲೋ, ಅಂದರೆ 6 ಕ್ವಿಂಟಲು. ಖಾಲಿ ಬಾಕ್ಸಿನ ತೂಕ ಬೇರೆ. 2005ರಲ್ಲಿ ಬಂದ ಟಾಟಾ ಏಸ್ ಎಂಬ ಪುಟ್ಟ ಗಾಡಿ ಮುಕ್ಕಾಲು ಟನ್ ಹೊರುವಂಥದು. ಇಂಥ ಹೇರಿಗೆ ಆ ಅಳತೆ ಸಾಕು. ಯಾವುದೇ ಗಾಡಿಯ ಆರ್.ಸಿ.ಯಲ್ಲಿ ಎರಡು ತೂಕ ಬರೆದಿರುತ್ತದೆ: ಖಾಲಿ ಗಾಡಿಯದು, ಸರಕು ತುಂಬಿದ ಗಾಡಿಯದು. ಒಂದರಲ್ಲಿ ಒಂದು ಕಳೆಯಿರಿ. ಉಳಿದುದೇ ಅದು ಹೊರುವ ಭಾರ. ಓಡಿಸುವವರ ತೂಕವೂ ಅದರೊಳಗೇ ಬಂತು.

ಇನ್ನು ಎಣ್ಣೆ ಖರ್ಚು. ಹೋಗಿಬರಲು 60 ಕಿಲೋಮೀಟರು, ಡೀಸೆಲ್ ಲೀಟರಿಗೆ 90 ರೂಪಾಯಿ ಎಂದು ಹಿಡಿಯೋಣ. ಸಣ್ಣ ಗಾಡಿ ಲೀಟರಿಗೆ 20 ಕಿಲೋಮೀಟರು ಓಡಿದರೆ ಖರ್ಚು 270 ರೂಪಾಯಿ. ದೊಡ್ಡ ಪಿಕಪ್ 12 ಓಡಿದರೆ 450 ರೂಪಾಯಿ. ಸಣ್ಣದರಲ್ಲಿ 6 ಕ್ವಿಂಟಲು ಒಯ್ದರೆ ಕ್ವಿಂಟಲಿಗೆ 45 ರೂಪಾಯಿ ಬಿತ್ತು. ದೊಡ್ಡದರಲ್ಲಿ 15 ಕ್ವಿಂಟಲು ತುಂಬಿದರೆ 30 ರೂಪಾಯಿಯೇ; ಆದರೆ ಅದೇ 6 ಕ್ವಿಂಟಲು ಹಾಕಿ ಹೊರಟರೆ 75 ರೂಪಾಯಿ! ನೋಡಿದಿರಾ? ತುಂಬಿ ಹೋಗುವ ದೊಡ್ಡ ಗಾಡಿ ಲಾಭ, ಅರೆಖಾಲಿ ಹೋಗುವ ದೊಡ್ಡ ಗಾಡಿ ನಷ್ಟ. ನೆರೆಹೊರೆಯ ಇಬ್ಬರು ಮೂವರು ಸರಕು ಕೂಡಿಸುವುದಾದರೆ ಮಾತು ಬೇರೆ.

ಮೂರನೆಯದು ಗಟ್ಟಿತನ. ಸಣ್ಣ ಚಕ್ರದ ಗಾಡಿ ಡಾಂಬರು ರಸ್ತೆಯಲ್ಲಿ ಚೆನ್ನ. ಮಳೆಗಾಲದ ಕೆಸರಿನಲ್ಲಿ, ಎರೆಭೂಮಿಯಲ್ಲಿ ಹೂತುಕೊಳ್ಳುತ್ತದೆ. ಹಾಗೆಂದು ಬರೀ ಅರ್ಧ ಮೈಲಿ ಹೊಲದ ದಾರಿಗಾಗಿ ದೊಡ್ಡ ಗಾಡಿ ಏಕೆ? ಹೊಲದಿಂದ ರಸ್ತೆಯವರೆಗೆ ಎತ್ತಿನ ಗಾಡಿಯೋ ಟ್ರ್ಯಾಕ್ಟರಿನ ಟ್ರೇಲರೋ ಸಾಕು. ಊರಿನ ದಾರಿಯೇ ಏರು, ಕಲ್ಲು, ಹಳ್ಳ ಎಂದಾದರೆ ಮಾತ್ರ ಎತ್ತರದ, ಗಟ್ಟಿ ಪಟ್ಟಾ ಸ್ಪ್ರಿಂಗಿನ ಗಾಡಿಗೆ ಹಣ ಹಾಕಿ. ಎರಡು ಗಾಡಿಯ ಹೇರನ್ನು ಒಂದಕ್ಕೆ ತುಂಬಿದರೆ ಎಂಥ ಗಟ್ಟಿ ಗಾಡಿಯೂ ಬಾಳದು. ಟೈರು ಸವೆಯುತ್ತದೆ, ಸ್ಪ್ರಿಂಗು ಮುರಿಯುತ್ತದೆ. ಇಳಿಜಾರಿನಲ್ಲಿ ಬ್ರೇಕು ಹಿಡಿಯದಿದ್ದರೆ ಹೋಗುವುದು ಸರಕಲ್ಲ, ಜೀವ. ಕೂಲಿಯಾಳುಗಳನ್ನು ಸರಕಿನ ಮೇಲೆ ಕೂರಿಸಲೇಬೇಡಿ.

ಕೊನೆಗೊಂದು ಮಾತು. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಮಾರುಕಟ್ಟೆಗೆ ಹೋದ ದಿನ ಗುರುತು ಹಾಕಿ, ತೂಕವನ್ನೂ ಕೊಟ್ಟ ಬಾಡಿಗೆಯನ್ನೂ ಬರೆದಿಡಿ. ಒಂದು ಬೆಳೆ ಮುಗಿದ ಮೇಲೆ ಮನೆಯವರೆಲ್ಲ ಕೂತು ಕೂಡಿಸಿ. ಕೊಟ್ಟ ಬಾಡಿಗೆ ಕಂತು, ಎಣ್ಣೆ, ವಿಮೆ, ರಿಪೇರಿಗಿಂತ ಕಡಿಮೆಯಾಗಿದ್ದರೆ ಬಾಡಿಗೆ ಗಾಡಿಯೇ ನಿಮಗೆ ಒಳ್ಳೆಯದು. ಅದರಲ್ಲಿ ನಾಚಿಕೆಯೇನೂ ಇಲ್ಲ. ಹೆಚ್ಚಾಗಿದ್ದರೆ ಧೈರ್ಯವಾಗಿ ಕೊಳ್ಳಿ. ಆದರೆ ದುಡ್ಡು ಕಟ್ಟುವ ಮೊದಲು, ನಿಮ್ಮದೇ ಹೇರು ಹಾಕಿ, ನಿಮ್ಮೂರ ದಾರಿಯಲ್ಲೇ ಒಮ್ಮೆ ಓಡಿಸಿ ನೋಡಿ. ಎತ್ತನ್ನು ನೊಗಕ್ಕೆ ಕಟ್ಟಿ ನೋಡುವುದಿಲ್ಲವೇ, ಹಾಗೆ.