ಮೆನು ಬದಲಾದ ದಿನ

2010ರ ಮಾರ್ಚ್. ಟೋಕಿಯೊದ ರಾಕುಟೆನ್ ಕಂಪನಿಯ ಕ್ಯಾಂಟೀನಿನಲ್ಲಿ ಊಟಕ್ಕೆ ಬಂದವರು ಮೆನು ನೋಡಿ ತಬ್ಬಿಬ್ಬಾದರು. ಜಪಾನಿ ಅಕ್ಷರಗಳೇ ಮಾಯ, ಎಲ್ಲವೂ ಇಂಗ್ಲಿಷ್! ಲಿಫ್ಟಿನ ಫಲಕವೂ ಅಷ್ಟೇ.

ಹಿಂದಿನ ದಿನವಷ್ಟೇ ಮುಖ್ಯಸ್ಥ ಹಿರೋಶಿ ಮಿಕಿತಾನಿ ಇಂಗ್ಲಿಷಿನಲ್ಲೇ ಘೋಷಿಸಿದ್ದರು: ಇನ್ನು ಮುಂದೆ ಕಂಪನಿಯ ಭಾಷೆ ಇಂಗ್ಲಿಷ್. ಸುಮಾರು 7,100 ಜಪಾನಿ ನೌಕರರಿಗೆ ಸಿಕ್ಕಿದ್ದು ಎರಡೇ ವರ್ಷ. ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ನಿಗದಿತ ಅಂಕ ಬಾರದಿದ್ದರೆ ಹಿಂಬಡ್ತಿಯ ಭಯ.

ಇಷ್ಟೊಂದು ಅವಸರ ಯಾಕೆ? ಆನ್‌ಲೈನ್ ವ್ಯಾಪಾರದ ಈ ಕಂಪನಿ ಆಗ ಹೊರದೇಶಗಳಿಗೆ ಕಾಲಿಡುತ್ತಿತ್ತು. ಅದೇ ವರ್ಷ ಅಮೆರಿಕದ ಬೈ ಡಾಟ್ ಕಾಮ್, ಫ್ರಾನ್ಸಿನ ಪ್ರೈಸ್‌ಮಿನಿಸ್ಟರ್ ಎರಡನ್ನೂ ಕೊಂಡುಕೊಂಡಿತು. ಪ್ರತಿ ಮಾತಿಗೂ ದುಭಾಷಿಯನ್ನು ಕಾಯುತ್ತ ಕೂತರೆ ಕೆಲಸ ಸಾಗುವುದಿಲ್ಲ.

ಆದರೆ ನೌಕರರು ಪಟ್ಟ ಪಾಡು ಸಣ್ಣದಲ್ಲ. ತಲೆಯಲ್ಲಿ ವಿಷಯವಿದೆ, ನಾಲಿಗೆಯಲ್ಲಿ ಪದವಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿನ ಐಟಿ ಕಂಪನಿಯ ಮೀಟಿಂಗಿನಲ್ಲಿ ಕೂತವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.

ಸ್ವಂತ ಖರ್ಚಿನಲ್ಲಿ, ಸ್ವಂತ ಸಮಯದಲ್ಲಿ ಕಲಿಯಿರಿ ಎಂದಿದ್ದ ಮಿಕಿತಾನಿ ಆಮೇಲೆ ಪಟ್ಟು ಸಡಿಲಿಸಿದರು. ಕಂಪನಿಯೇ ಪಾಠದ ಖರ್ಚು ಹೊತ್ತಿತು, ಕೆಲಸದ ವೇಳೆಯಲ್ಲೂ ಕಲಿಯಲು ಬಿಟ್ಟಿತು. ಈ ಕಥೆಯಲ್ಲಿ ಎಲ್ಲ ಕಂಪನಿಗಳೂ ಗಮನಿಸಬೇಕಾದದ್ದು ಇದನ್ನೇ. 2010ರಲ್ಲಿ ಸುಮಾರು 526 ಇದ್ದ ಸರಾಸರಿ ಟೋಯಿಕ್ ಅಂಕ ಐದು ವರ್ಷದಲ್ಲಿ 800 ದಾಟಿತು.

ರಾಕುಟೆನ್‌ನ ಈ ನಿಯಮವನ್ನು ಎಲ್ಲರೂ ಒಪ್ಪಿರಲಿಲ್ಲ. ಜಪಾನಿನಲ್ಲಿ ಜಪಾನಿಯರಿಗೆ ಇಂಗ್ಲಿಷ್ ಕಡ್ಡಾಯ ಮಾಡುವುದು ಮೂರ್ಖತನ ಎಂದು ಹೋಂಡಾದ ಆಗಿನ ಅಧ್ಯಕ್ಷ ತಾಕಾನೊಬು ಇತೊ 2010ರಲ್ಲಿ ಟೀಕಿಸಿದ್ದರು. 2015ರಲ್ಲಿ ಹೋಂಡಾವೇ ಪ್ರಕಟಿಸಿತು: 2020ರೊಳಗೆ ಬೇರೆ ಬೇರೆ ದೇಶಗಳ ಘಟಕಗಳ ನಡುವಿನ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ.