ಹುಲಿಯ ದಾರಿ ಉಳಿದರೆ ಹಟ್ಟಿಯೂ ಉಳಿದೀತು



ತಾಳವಾಡಿ ಸೀಮೆಯಲ್ಲಿ ದನ, ಆಡು ಸಾಕುವ ನಮಗೆ ಹುಲಿ ಚಿರತೆಗಳ ಸುದ್ದಿ ಹೊಸದಲ್ಲ. ಕರು ಕಳೆದುಕೊಂಡ ಮನೆಯವರ ಸಂಕಟವನ್ನು ನಾವು ಬಲ್ಲೆವು. ಆದರೆ 2025ರ ಜೂನ್ ತಿಂಗಳಲ್ಲಿ ಮಲೆಮಹದೇಶ್ವರ ಬೆಟ್ಟದ ಕಾಡಿನಲ್ಲಿ ನಡೆದದ್ದನ್ನು ಮರೆಯಬಾರದು. ಹುಲಿ ಕೊಂದ ಹಸುವಿನ ಹೆಣಕ್ಕೆ ವಿಷ ಹಾಕಿದ್ದರಿಂದ ತಾಯಿ ಹುಲಿಯೂ ಅದರ ನಾಲ್ಕು ಮರಿಗಳೂ ಸತ್ತವು. ಹೋದ ಹಸು ಮರಳಲಿಲ್ಲ. ವಿಷವಿಟ್ಟವರಿಗೆ ಬಂಧನವೂ ತಪ್ಪಲಿಲ್ಲ.

ಹುಲಿ ಊರ ಕಡೆ ಬರುವುದೇಕೆ?

ಹುಲಿಮರಿ ಸುಮಾರು ಎರಡು ವರ್ಷಕ್ಕೆ ತಾಯಿಯನ್ನು ಬಿಟ್ಟು ತನ್ನದೇ ನೆಲೆ ಹುಡುಕಿಕೊಂಡು ಹೊರಡುತ್ತದೆ. ಬಲವಾದ ಗಂಡು ಹುಲಿ ಇರುವ ಕಡೆ ಎಳೆಯ ಗಂಡಿಗೆ ಜಾಗ ಸಿಗುವುದಿಲ್ಲ. ಸತ್ಯಮಂಗಲ, ಬಿಳಿಗಿರಿರಂಗನ ಬೆಟ್ಟ, ಬಂಡೀಪುರ, ಮುದುಮಲೆ ಕಾಡುಗಳು ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಅದು ಕಾಡಿನೊಳಗೇ ದಾಟಿ ಹೋಗಬಲ್ಲದು. ನಡುವಿನ ಕಾಡುಪಟ್ಟಿಯಲ್ಲಿ ಬೇಲಿ, ಕಲ್ಲುಗಣಿ, ರೆಸಾರ್ಟ್ ಎದ್ದರೆ ಅದರ ದಾರಿ ನಮ್ಮ ಕಬ್ಬಿನ ಹೊಲಕ್ಕೆ ತಿರುಗುತ್ತದೆ. ಇತ್ತ ಬೆಳೆ ತಿನ್ನುವ ಹಂದಿ, ಜಿಂಕೆಗಳನ್ನು ಹಿಡಿತದಲ್ಲಿಡುವುದೂ ಇದೇ ಹುಲಿ ಚಿರತೆಗಳು.

ದಾರಿ ಉಳಿಸುವುದು ಆಗದ ಕೆಲಸವಲ್ಲ. ಎಡೆಯಾರಳ್ಳಿ–ದೊಡ್ಡಸಂಪಿಗೆ ಬಳಿ ಆನೆಗಳು ಓಡಾಡುವ ಪಟ್ಟಿಯಲ್ಲಿ ಸುಮಾರು 25 ಎಕರೆ ಜಮೀನನ್ನು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ರೈತರಿಂದ ಬೆಲೆ ಕೊಟ್ಟು ಕೊಂಡು ಕರ್ನಾಟಕ ಅರಣ್ಯ ಇಲಾಖೆಗೆ ಒಪ್ಪಿಸಿತು. ದಿಂಬಂ ಘಟ್ಟದಲ್ಲಿ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ತರಕಾರಿ ಸಾಗಿಸುವ ನಮಗೆ ತೊಂದರೆಯಾಯಿತು ನಿಜ. ಆಮೇಲೆ ಸ್ಥಳೀಯರಿಗೆ ಸಡಿಲಿಕೆಯೂ ದೊರೆಯಿತು.

ನಾವು ಮಾಡಬೇಕಾದದ್ದು

1. ಕೊಟ್ಟಿಗೆಗೆ ಗಟ್ಟಿ ಬಾಗಿಲು, ಮೇಲೆ ಚಾವಣಿ ಇರಲಿ. ಚಿರತೆ ಗೋಡೆ ಹತ್ತಿ ಇಳಿಯಬಲ್ಲದು.

2. ಹೊತ್ತು ಮುಳುಗುವ ಮೊದಲೇ ದನಕರುಗಳನ್ನು ಹೊಡೆದುಕೊಂಡು ಬನ್ನಿ.

3. ದನ ಬಲಿಯಾದರೆ ಹೆಣವನ್ನು ಕದಲಿಸದೆ ಅದೇ ದಿನ ಅರಣ್ಯ ಇಲಾಖೆಗೆ ತಿಳಿಸಿ. ಪಶುವೈದ್ಯರ ಸರ್ಟಿಫಿಕೇಟ್ ಪಡೆಯಿರಿ.

4. ಎಷ್ಟೇ ಸಿಟ್ಟು ಬಂದರೂ ಹೆಣಕ್ಕೆ ವಿಷ ಹಾಕಬೇಡಿ. ಅದನ್ನು ತಿಂದ ನಮ್ಮ ನಾಯಿಗಳೂ, ಮೋಯಾರ್ ಕಣಿವೆಯ ರಣಹದ್ದುಗಳೂ ಸಾಯುತ್ತವೆ.

ಪರಿಹಾರ ತಡವಾದರೆ ಒಬ್ಬೊಬ್ಬರೇ ಕಚೇರಿಗೆ ಅಲೆಯದೆ ಊರವರೆಲ್ಲ ಸೇರಿ ಕೇಳೋಣ. ಅರ್ಜಿ ಬರೆಯಲು ಸಹಾಯ ಬೇಕಾದವರು ಭಾನುವಾರ ಬಲಿಪೂಜೆಯ ನಂತರ ನಮ್ಮನ್ನು ಕಾಣಬಹುದು.