ರಾಮನಗರದ ಬಂಡೆಗೂ ಮೊದಲ ಪ್ರಾಣಿಗಳಿಗೂ ಏನು ನಂಟು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಬೆಟ್ಟಗಳನ್ನು ಎಷ್ಟು ಜಾಲಾಡಿದರೂ ಒಂದು ಚಿಪ್ಪಿನ ಅಚ್ಚೂ ಸಿಗದು. ಪಳೆಯುಳಿಕೆ ಉಳಿಯುವುದು ನೀರಿನಡಿಯ ಕೆಸರು, ಮರಳು ಗಟ್ಟಿಯಾಗಿ ಕಲ್ಲಾದ ಕಡೆ. ರಾಮದೇವರಬೆಟ್ಟದ ಕಲ್ಲಾದರೋ ನೆಲದಾಳದಲ್ಲಿ ಕರಗಿದ್ದ ಶಿಲಾಪಾಕ ನಿಧಾನವಾಗಿ ಆರಿ ಹುಟ್ಟಿದ್ದು. ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ಅದನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಬರಿಗಣ್ಣಿಗೆ ಕಾಣುವ ಸಂಕೀರ್ಣ ದೇಹಗಳ ಅಚ್ಚು ಸಮುದ್ರದ ಕಲ್ಲುಗಳಲ್ಲಿ ಕಾಣಿಸಿಕೊಳ್ಳುವುದು ಸುಮಾರು 57 ಕೋಟಿ ವರ್ಷಗಳ ಹಿಂದಷ್ಟೇ. ಆಸ್ಟ್ರೇಲಿಯಾದ ಎಡಿಯಾಕರ ಬೆಟ್ಟಗಳಲ್ಲಿ 1946ರಲ್ಲಿ ಭೂವಿಜ್ಞಾನಿ ರೆಗ್ ಸ್ಪ್ರಿಗ್ ಗುರುತಿಸಿದ್ದು ಅಂಥ ಅಚ್ಚುಗಳನ್ನೇ. ಹೀಗಿದ್ದೂ ನಮ್ಮ ಬಂಡೆಗಳನ್ನು ಬಿಟ್ಟು ಪ್ರಾಣಿಗಳ ಉಗಮವನ್ನು ಪೂರ್ತಿಯಾಗಿ ವಿವರಿಸಲಾಗದು ಎಂದು ನಾನು ನಂಬುತ್ತೇನೆ.

ಹೊಸದಾಗಿ ಒಡೆದ ಕ್ಲೋಸ್‌ಪೇಟೆ ಕಲ್ಲನ್ನು ನೋಡಿ. ಹೆಬ್ಬೆರಳಿನಷ್ಟು ಉದ್ದದ ನಸುಗೆಂಪು ಫೆಲ್ಡ್‌ಸ್ಪಾರ್ ಹರಳುಗಳು, ನಡುವೆ ಗಾಜಿನಂಥ ಬೆಣಚು, ಕಪ್ಪು ಅಭ್ರಕ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಪಟೈಟ್ ಎಂಬ ಖನಿಜದ ಸಣ್ಣ ಕಣಗಳೂ ಇವೆ. ಕ್ಯಾಲ್ಸಿಯಂ, ರಂಜಕ ತುಂಬಿದ ಈ ಖನಿಜ ನಮ್ಮ ಹಲ್ಲು, ಮೂಳೆಗಳ ಖನಿಜದ ಕುಲಕ್ಕೇ ಸೇರಿದ್ದು. ರಂಜಕವಿಲ್ಲದೆ ಡಿಎನ್‌ಎ ಇಲ್ಲ, ಜೀವವಿಲ್ಲ. ಸಮುದ್ರಕ್ಕೆ ಅದು ಬರುವುದು ಮುಖ್ಯವಾಗಿ ನೆಲದ ಕಲ್ಲು ಸವೆದು.

ಎಷ್ಟು ಸವೆದಿದೆ ಎಂಬುದಕ್ಕೆ ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗವೇ ಸಾಕ್ಷಿ. ಅಲ್ಲಿ ಬೂದು ಬಣ್ಣದ ನೈಸ್ ಶಿಲೆಯೊಳಗೆ ಚಾರ್ನೊಕೈಟ್ ಎಂಬ ಶಿಲೆಯ ಕಡುಹಸಿರು ಕಲೆಗಳು ಮೂಡಿವೆ. ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು 1960ರಲ್ಲಿ ನೈಸ್ ಚಾರ್ನೊಕೈಟ್ ಆಗುವ ಈ ಮಾರ್ಪಾಟನ್ನು ಜಗತ್ತಿಗೆ ತೋರಿಸಿದರು. ಅದಕ್ಕೆ ಬೇಕಾದ ಒತ್ತಡ ಇರುವುದು ಸುಮಾರು 15 ಕಿ.ಮೀ.ಗೂ ಮಿಕ್ಕ ಆಳದಲ್ಲಿ. ಅಂದರೆ ಆ ಕಲ್ಲಿನ ಮೇಲಿದ್ದಷ್ಟೂ ನೆಲ ಸವೆದುಹೋಗಿದೆ. ಹೀಗೆ ಬಯಲಾದ ಹಳೆಯ ಶಿಲೆಗಳ ಮೇಲೆ ಎಡಿಯಾಕರ ಜೀವಿಗಳ ನಂತರದ ಕ್ಯಾಂಬ್ರಿಯನ್ ಕಾಲದ ಸಮುದ್ರಗಳು ಉಕ್ಕಿಬಂದಾಗ ಖನಿಜಗಳು ನೀರಿಗೆ ಸೇರಿ, ಪ್ರಾಣಿಗಳಿಗೆ ಚಿಪ್ಪು ಕಟ್ಟಲು ಸಾಮಗ್ರಿ ಒದಗಿತು ಎಂದು ಭೂವಿಜ್ಞಾನಿಗಳಾದ ಶಾನನ್ ಪೀಟರ್ಸ್ ಮತ್ತು ರಾಬರ್ಟ್ ಗೇನ್ಸ್ 2012ರಲ್ಲಿ ವಾದಿಸಿದರು.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದು ನಮ್ಮ ರಾಜ್ಯದಲ್ಲೇ ಇದೆ. ಬಾಗಲಕೋಟೆಯ ಕಲಾದಗಿ ಶಿಲಾಸ್ತರಗಳು ಕೂತಿರುವುದು ಹೀಗೇ ಸವೆದ ನೆಲದ ಮೇಲೆ. ಅವುಗಳಲ್ಲಿ ಹಳೆಯವಕ್ಕೆ 100 ಕೋಟಿ ವರ್ಷ ದಾಟಿದೆ. ಸವಕಳಿಯೊಂದೇ ಸಾಕಿದ್ದರೆ ಪ್ರಾಣಿಗಳು ಆಗಲೇ ಬರಬೇಕಿತ್ತು. ಬರಲಿಲ್ಲ, ಅಲ್ಲಿರುವುದು ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಪದರಗಳು. ಹಾಗಾಗಿ ನೆಲ ಕೊಟ್ಟದ್ದು ಸಾಮಗ್ರಿ ಮಾತ್ರ ಎನ್ನಬೇಕು. ಓಡಾಡುವ, ಬೇಟೆಯಾಡುವ ದೇಹಕ್ಕೆ ಆಮ್ಲಜನಕವೂ ಸಾಕಷ್ಟು ಬೇಕು. ಅದು ಗಾಳಿಯಲ್ಲಿ ಮೊದಲು ಏರಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಆಮೇಲೂ ಬಹುಕಾಲ ಇಂದಿನ ಮಟ್ಟಕ್ಕಿಂತ ತೀರಾ ಕೆಳಗಿತ್ತು. ಎರಡೂ ಕೂಡಿಬರುವವರೆಗೆ ಕಾಯಬೇಕಾಯಿತು ಎಂಬ ವಿವರಣೆಯೇ ನನಗೆ ಸರಿಯೆನಿಸುತ್ತದೆ.

ಪ್ರಾಣಿಗಳು ಮೊದಲೇ ಇದ್ದು, ಮೆದು ಮೈಯಾದ್ದರಿಂದ ಗುರುತುಳಿಯಲಿಲ್ಲವೇ? ಡಾರ್ವಿನ್‌ಗೂ 1859ರಲ್ಲಿ ದಾಖಲೆಯ ಕೊರತೆಯೇ ಕಾರಣವೆನಿಸಿತ್ತು. ಆದರೆ ಮೆದು ಮೈಯ ಎಡಿಯಾಕರ ಜೀವಿಗಳೇ ಅಚ್ಚು ಬಿಟ್ಟಿವೆ. ಅವುಗಳಲ್ಲೊಂದಾದ ಡಿಕಿನ್‌ಸೋನಿಯಾದ ಅಚ್ಚಿನಲ್ಲಿ ಪ್ರಾಣಿದೇಹದ ಗುರುತಾದ ಕೊಲೆಸ್ಟರಾಲ್‌ನ ಕುರುಹೂ 2018ರಲ್ಲಿ ಸಿಕ್ಕಿತು. ಇಂಥ ಪುರಾತನ ಪ್ರಾಣಿಗಳ ಕುರುಹು ಸಿಕ್ಕಿತೆಂಬ ಕೆಲವು ವಾದಗಳು ಗಟ್ಟಿಯಾಗಿ ನಿಂತಿಲ್ಲ. ಮಧ್ಯಪ್ರದೇಶದ ಚುರ್ಹಟ್‌ನಲ್ಲಿ 1998ರಲ್ಲಿ ಹುಳು ಹರಿದ ಜಾಡೆಂದು ತೋರಿಸಿದ ಕಲ್ಲಿನ ವಯಸ್ಸು 160 ಕೋಟಿ ವರ್ಷವೆಂದು ತಿಳಿದ ಮೇಲೆ ಹೆಚ್ಚಿನ ತಜ್ಞರು ಅದನ್ನೊಪ್ಪಲಿಲ್ಲ. ಭೀಮ್‌ಬೇಟ್ಕಾ ಗುಹೆಯಲ್ಲಿ 2021ರಲ್ಲಿ ಡಿಕಿನ್‌ಸೋನಿಯಾ ಎಂದದ್ದು ಹಳೆಯ ಜೇನುಗೂಡಿನ ಗುರುತೆಂದು 2023ರಲ್ಲಿ ತಿಳಿದುಬಂತು.

ಅರ್ಕಾವತಿ ಈಗಲೂ ಈ ಬಂಡೆಗಳ ಮರಳನ್ನು ಸಂಗಮದಲ್ಲಿ ಕಾವೇರಿಗೆ ಒಪ್ಪಿಸುತ್ತಿದೆ. ನದಿ ಸವೆಸುವುದಕ್ಕೆ ಕೋಟಿಗಟ್ಟಲೆ ವರ್ಷ ಬೇಕು. ಜಲ್ಲಿ ಕ್ರಷರ್‌ಗೆ ಒಂದು ತಲೆಮಾರೂ ಬೇಡ. ಲಾಲ್‌ಬಾಗ್‌ನ ಬಂಡೆಗೆ ಕೊಟ್ಟ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಮಾನ್ಯತೆಯನ್ನು ಕಬ್ಬಾಳದುರ್ಗಕ್ಕೂ ರಾಮದೇವರಬೆಟ್ಟಕ್ಕೂ ಕೊಡಿಸಲು ಜಿಲ್ಲೆಯ ಜನ, ಶಾಲೆ ಕಾಲೇಜುಗಳ ಮೇಷ್ಟ್ರುಗಳು ದನಿಯೆತ್ತಬೇಕು.